ಶಾಸನವೂ ಸ್ನೇಹವೂ

ಮಗನು 16ನೆಯ ವರ್ಷವನ್ನು ಮುಟ್ಟಿದೊಡನೆ ಆತನನ್ನು ಮಿತ್ರನಂತೆ ಕಾಣಬೇಕೆಂದು ನಮ್ಮ ನೀತಿಕಾರರು ವಿಧಿಸಿರುವರು. ಆದರೆ ಅದುವರೆಗೆ ಗದರಿಕೆಯನ್ನೇ ಕಂಡ ಬಾಲಕನು ಒಂದಿರುಳಿನಲ್ಲಿ ತಂದೆಯನ್ನು ಗೆಳೆಯನೆಂದು ನಂಬುವುದೆಂತು? 12–13ರ ಪ್ರಾಯದಲ್ಲಿಯೇ ಮನಸ್ಸು ಪ್ರತಿಯೊಂದು ಆಜ್ಞೆಗೂ ಕಾರಣವನ್ನು ಕೇಳತೊಡಗುವುದು. ಆ ಪ್ರಶ್ನೆಯನ್ನು ಅವಿನಯವೆಂದು ಜರೆದರೆ ಮಗುವು ಮರೆಮಾಚುವುದನ್ನು ಕಲಿಯುವುದು. ಸಂಕಟ ಬಂದಾಗಲೂ ಮನೆಯವರೊಡನೆ ಬಾಯಿಬಿಡದು.

ಹಾಗೆಂದು ಶಾಸನವನ್ನೇ ತೊರೆಯಬಹುದೆ? ಮೇರೆಯಿಲ್ಲದ ಸಲಿಗೆಯೂ ಎಳೆಯ ಮನಸ್ಸಿಗೆ ಆಸರೆಯಾಗದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್ ಅವರು 1966ರಲ್ಲಿ ಇವೆರಡನ್ನೂ ಬಿಟ್ಟು, ಕಾರಣವನ್ನು ತಿಳಿಸಿ ದೃಢವಾಗಿ ನಡೆಸುವ ಮೂರನೆಯ ದಾರಿಯನ್ನು ಎತ್ತಿಹಿಡಿದರು. ತಂದೆತಾಯಿಗಳು ‘ಕೂಡದು’ ಎನ್ನುವಾಗ ಏಕೆಂಬುದನ್ನೂ ಹೇಳಲಿ, ಮಕ್ಕಳ ಮರುನುಡಿಗೆ ಕಿವಿಗೊಡಲಿ. ಮಗನಾಗಲಿ ಮಗಳಾಗಲಿ, 16ರ ಮೈತ್ರಿಗೆ 12ರಲ್ಲಿಯೇ ಬೀಜ ಬೀಳಬೇಕು.