ವಿಶೇಷಾಧಿಕಾರ: ಪದ ಮತ್ತು ಪದಾರ್ಥ

ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಸಹಪಾಠಿಗಳು ‘ನೀವು ಪ್ರಿವಿಲೇಜ್ ಉಳ್ಳವರು’ ಎಂದು ಹೇಳುವುದುಂಟು. ಕೆಲವರಿಗೆ ಇದರಿಂದ ಲಜ್ಜೆ, ಕೆಲವರಿಗೆ ಕೋಪ. ಪದದ ಅರ್ಥವನ್ನು ನಿಶ್ಚಯಿಸದೆ ಲಜ್ಜೆಯಾಗಲಿ ಕೋಪವಾಗಲಿ ಯುಕ್ತವಲ್ಲ. ಆದ್ದರಿಂದ ಮೊದಲು ಪದವನ್ನೇ ವಿಚಾರಿಸೋಣ.

ಲ್ಯಾಟಿನ್ ಭಾಷೆಯಲ್ಲಿ ‘ಪ್ರೀವುಸ್’ ಎಂದರೆ ಒಬ್ಬನಿಗೆ ಮಾತ್ರ ಸೇರಿದ್ದು. ‘ಲೆಕ್ಸ್’ ಎಂದರೆ ಶಾಸನ. ಇವೆರಡರ ಸಮಾಸವೇ ‘ಪ್ರಿವಿಲೇಗಿಯುಮ್’, ಅಂದರೆ ಒಬ್ಬನನ್ನೇ ಕುರಿತ ಶಾಸನ. ಪ್ರಾಚೀನ ರೋಮಿನಲ್ಲಿ ಇದು ಅನುಗ್ರಹಸೂಚಕವಾಗಿರಲಿಲ್ಲ. ಕ್ರಿ.ಪೂ. 450ರ ಸುಮಾರಿನ ಹನ್ನೆರಡು ಫಲಕಗಳ ಶಾಸನವು ಇಂತಹ ಕಟ್ಟಳೆಯನ್ನು ನಿಷೇಧಿಸಿತ್ತೆಂದು ಸಿಸೆರೋ ತಿಳಿಸುತ್ತಾನೆ. ಕ್ರಿ.ಪೂ. 58ರಲ್ಲಿ ತನ್ನ ಹೆಸರು ಹಿಡಿದು ಗಡೀಪಾರು ವಿಧಿಸಿದ ಕ್ಲೋಡಿಯಸನ ಶಾಸನವನ್ನು ಆತನು ಇದೇ ಪದದಿಂದ ಖಂಡಿಸಿದನು. ಒಬ್ಬನಿಗೆ ಅಥವಾ ಒಂದು ವರ್ಗಕ್ಕೆ ದೊರೆತ ವಿನಾಯಿತಿ ಎಂಬ ಅರ್ಥವು ಸಾಮ್ರಾಜ್ಯಕಾಲದಲ್ಲಿ ನೆಲೆಗೊಂಡಿತು. ದಂಡವಾಗಲಿ ಅನುಗ್ರಹವಾಗಲಿ, ಎಲ್ಲರ ನಿಯಮವು ಒಬ್ಬನ ಮಟ್ಟಿಗೆ ಬೇರೆಯಾಯಿತು ಎಂಬುದೇ ಎರಡರಲ್ಲಿಯೂ ಸಮಾನವಾದ ಅಂಶ.

ಫ್ರಾನ್ಸಿನಲ್ಲಿ ಕುಲೀನರೂ ಪಾದ್ರಿಗಳೂ ಅನುಭವಿಸುತ್ತಿದ್ದ ಇಂತಹ ವಿನಾಯಿತಿಗಳನ್ನು ರದ್ದುಗೊಳಿಸುವ ನಿರ್ಣಯವು 1789ರ ಆಗಸ್ಟ್ 4ರ ರಾತ್ರಿ ಆಯಿತು. ನಮ್ಮ ದೇಶದಲ್ಲಿ 1971ರ 26ನೆಯ ಸಂವಿಧಾನ ತಿದ್ದುಪಡಿಯು ಮಾಜಿ ಅರಸರ ರಾಜಧನವನ್ನು ನಿಲ್ಲಿಸಿತು. ಆದರೆ ಅದೇ ಸಂವಿಧಾನದ 105ನೆಯ ವಿಧಿಯು ಸಂಸತ್ ಸದಸ್ಯರ ವಿಶೇಷಾಧಿಕಾರವನ್ನು ಉಳಿಸಿದೆ; ಸದನದಲ್ಲಿ ಆಡಿದ ಮಾತಿಗಾಗಿ ಅವರನ್ನು ನ್ಯಾಯಾಲಯಕ್ಕೆಳೆಯುವಂತಿಲ್ಲ. ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಿದ್ದೇಕೆ? ಮೊದಲನೆಯದು ವಂಶಕ್ಕೆ ಸಂದದ್ದು, ಎರಡನೆಯದು ಕಾರ್ಯಕ್ಕೆ ಸಂದದ್ದು. ರೈಲ್ವೆಯಲ್ಲಿಯೂ ಡ್ಯೂಟಿ ಪಾಸ್ ಬೇರೆ, ಪ್ರಿವಿಲೇಜ್ ಪಾಸ್ ಬೇರೆ. ಮೊದಲನೆಯದು ಕೆಲಸ ನಡೆಯಲೆಂದು; ಎರಡನೆಯದು ನೌಕರನಿಗೂ ಅವನ ಕುಟುಂಬಕ್ಕೂ ಅನುಕೂಲವಾಗಲೆಂದು.

ಸಂಸ್ಕೃತದ ‘ಅಧಿಕಾರ’ ಶಬ್ದವನ್ನು ನಾವು ಈಗ ಆಳುವ ಬಲ ಎಂಬರ್ಥದಲ್ಲಿ ಬಳಸುತ್ತೇವೆ. ಮೀಮಾಂಸಕರಿಗೆ ಅದು ಕರ್ಮಫಲದ ಸ್ವಾಮ್ಯ ಮತ್ತು ಅದಕ್ಕೆ ಬೇಕಾದ ಯೋಗ್ಯತೆ. ಫಲವನ್ನು ಬಯಸುವವನು ಕರ್ಮದ ಭಾರವನ್ನೂ ಹೊರಬೇಕು. ಜೈಮಿನಿಸೂತ್ರದ ಆರನೆಯ ಅಧ್ಯಾಯವು ಇದಕ್ಕೇ ಮೀಸಲು. ಅಲ್ಲಿಯೇ ಜನ್ಮದ ಆಧಾರದಿಂದ ಶೂದ್ರರನ್ನು ಹೊರಗಿಟ್ಟ ಸಿದ್ಧಾಂತವಿದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಸರ್ವರಿಗೂ ಅಧಿಕಾರವುಂಟೆಂಬ ಬಾದರಿಯ ಮತವನ್ನೂ ಸೂತ್ರಕಾರರು ಅಲ್ಲಿ ಹೆಸರಿಸಿಯೇ ಎತ್ತಿಕೊಂಡಿದ್ದಾರೆ, ಒಪ್ಪಲಿಲ್ಲ. ಶತಮಾನಗಳ ಕಾಲ ಅಕ್ಷರವಿದ್ಯೆ ಕೆಲವು ಮನೆಗಳಲ್ಲಿ ನೆಲೆಸಿ ಕೆಲವು ಮನೆಗಳ ಹೊಸ್ತಿಲಾಚೆಗೇ ಉಳಿದದ್ದರಲ್ಲಿ ಇಂತಹ ನಿರ್ಣಯಗಳ ಪಾತ್ರವೂ ಇದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ನಮ್ಮ ತಂದೆ ಬರಿಗೈಯಲ್ಲಿ ಮಾಟುಂಗಕ್ಕೆ ಬಂದು, ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದರು, ನಮಗೆಲ್ಲಿಯ ವಿಶೇಷಾಧಿಕಾರ?’ ಆ ಕಷ್ಟ ಸುಳ್ಳಲ್ಲ. ಆದರೆ ಬರಿಗೈಯಲ್ಲಿ ಬಂದವರಿಗೂ ಓದುಬರಹ ಬರುತ್ತಿತ್ತು. ಇಳಿದುಕೊಳ್ಳಲು ಬಂಧುಗಳ ಮನೆಯಿತ್ತು. ಕೆಲಸಕ್ಕೆ ಹೇಳಿಸಲು ಊರಿನವರೊಬ್ಬರಿದ್ದರು. ಅದೇ ಊರಿನಿಂದ ಬಂದು ಕಟ್ಟಡಕ್ಕೆ ಇಟ್ಟಿಗೆ ಹೊತ್ತವನಿಗೂ ಕಷ್ಟವಿತ್ತು, ಇವು ಇರಲಿಲ್ಲ. ಪರಿಶ್ರಮ ನಮ್ಮದು, ಪರಿಶ್ರಮ ಫಲಿಸುವಂತೆ ಮಾಡಿದ ನೆಲ ನಾವು ಗಳಿಸಿದ್ದಲ್ಲ. ಈ ಎರಡು ಮಾತುಗಳಿಗೆ ಪರಸ್ಪರ ವಿರೋಧವಿಲ್ಲ.

ಹಾಗಾದರೆ ಗಳಿಸದೆ ಬಂದದ್ದು ದೋಷವೆ? ಪಡೆದ ಮಾತ್ರಕ್ಕೆ ದೋಷವಿಲ್ಲ. ಪಡೆದುದನ್ನು ತನ್ನ ಯೋಗ್ಯತೆಯೆಂದು ಎಣಿಸಿ, ಇಲ್ಲದವನನ್ನು ಅಯೋಗ್ಯನೆಂದು ಬಗೆಯುವಲ್ಲಿ ದೋಷ ಮೊದಲಾಗುತ್ತದೆ. ಆದುದರಿಂದ ಮಕ್ಕಳು ಆ ಮಾತಿಗೆ ಲಜ್ಜೆಪಡಬೇಕಾಗಿಲ್ಲ, ಕೋಪಿಸಿಕೊಳ್ಳಲೂಬಾರದು. ‘ಹೌದು, ನಮಗೆ ಇದು ದೊರೆಯಿತು’ ಎಂದು ಒಪ್ಪಿ, ದೊರೆಯದವರಿಗೆ ಅದು ದೊರೆಯುವ ದಾರಿಯನ್ನು ನೋಡಬೇಕು. ಮನೆಗೆಲಸದವಳ ಮಗನಿಗೆ ಸಂಜೆ ಒಂದು ಗಂಟೆ ಗಣಿತ ಹೇಳಿಕೊಡುವುದು, ಅವನ ಶಾಲೆಯ ಅರ್ಜಿಯನ್ನು ತುಂಬಿಕೊಡುವುದು ದೊಡ್ಡ ತ್ಯಾಗವೇನಲ್ಲ. ಆದರೆ ನಮ್ಮ ಹಿರಿಯರಿಗೆ ನಗರದಲ್ಲಿ ಒದಗಿದ ಸಹಾಯ ಇಂತಹುದೇ ಆಗಿತ್ತು.

ಪಾಣಿನಿಯ ವ್ಯಾಕರಣದಲ್ಲಿ ಅಧಿಕಾರಸೂತ್ರಗಳೆಂಬ ಒಂದು ಬಗೆಯಿದೆ. ಅಂತಹ ಸೂತ್ರವು ತಾನಿರುವ ಸ್ಥಳದಲ್ಲಿ ಯಾವ ಕಾರ್ಯವನ್ನೂ ಮಾಡುವುದಿಲ್ಲ. ತನ್ನ ಮುಂದಿನ ಸೂತ್ರಗಳೊಡನೆ ಅನ್ವಯಿಸಿ ಅವುಗಳ ಅರ್ಥವನ್ನು ಪೂರ್ಣಗೊಳಿಸುತ್ತದೆ. ನಮಗೆ ದೊರೆತ ಅಧಿಕಾರವನ್ನೂ ಹೀಗೆಯೇ ಅರ್ಥಮಾಡಿಕೊಳ್ಳುವುದು ಉಚಿತವೆಂದು ನಮ್ಮ ಭಾವನೆ.