ಬೇಡಿಕೆ ಸರಿ, ದಾರಿ?

1991ರ ಆಗಸ್ಟಿನಲ್ಲಿ, ಸುಡಾನಿನ ಅಂತರ್ಯುದ್ಧದ ನಡುವೆ, ದಕ್ಷಿಣದ ಬಂಡಾಯ ಸೇನೆಯೇ ಒಡೆಯಿತು. ನಾಸಿರ್ ಪಟ್ಟಣದಿಂದ ರೀಕ್ ಮಚಾರ್, ಲಾಮ್ ಅಕೋಲ್ ಮತ್ತು ಜೊತೆಗಾರರು ನಾಯಕ ಜಾನ್ ಗರಾಂಗರ ವಿರುದ್ಧ ತಿರುಗಿಬಿದ್ದರು. ಸಂಘಟನೆಯೊಳಗೆ ಪ್ರಜಾಪ್ರಭುತ್ವ ಬೇಕು, ಒಗ್ಗೂಡಿದ ಹೊಸ ಸುಡಾನ್ ಅಲ್ಲ, ದಕ್ಷಿಣದ ಸ್ವಾತಂತ್ರ್ಯವೇ ಗುರಿಯಾಗಬೇಕು ಎಂಬುದು ಅವರ ವಾದ. ಈ ಮಾತಿನಲ್ಲಿ ತಪ್ಪೇನಿದೆ?

ಆದರೆ ನವೆಂಬರಿನಲ್ಲಿ ಅವರ ಪಡೆಗಳು ಬೋರ್ ಪ್ರದೇಶಕ್ಕೆ ನುಗ್ಗಿ, ಗರಾಂಗರ ಜನಾಂಗವಾದ ಡಿಂಕಾ ಸಾಮಾನ್ಯರನ್ನು ಕೊಂದವು. ಸತ್ತವರು ಸುಮಾರು 2,000 ಎಂದು ಆಮ್ನೆಸ್ಟಿ ಅಂದಾಜಿಸಿತು. 1997ರಲ್ಲಿ ಮಚಾರ್, ಯಾರಿಂದ ಬಿಡುಗಡೆ ಬೇಕೆಂದಿದ್ದರೋ ಆ ಖಾರ್ಟೂಮ್ ಸರ್ಕಾರದೊಂದಿಗೇ ಒಪ್ಪಂದ ಮಾಡಿಕೊಂಡರು.

2011ರಲ್ಲಿ ದಕ್ಷಿಣ ಸುಡಾನ್ ಸ್ವತಂತ್ರವಾಯಿತು. ಹಾಗಾದರೆ ಒಡೆದು ಹೋದವರೇ ಸರಿಯೆ? ನನಗೆ ಹಾಗನ್ನಿಸುವುದಿಲ್ಲ. ಪ್ರಶ್ನಿಸಲು ದಾರಿಯೇ ಇಲ್ಲದ ಕಡೆ ಭಿನ್ನಮತ ಕೋವಿ ಹಿಡಿದೇ ಹೊರಬರುತ್ತದೆ. ಆ ಹೊಣೆಯಲ್ಲಿ ನಾಯಕನಿಗೂ ಪಾಲಿದೆ. ಆದರೆ ಕೋವಿಯನ್ನು ಯಾರ ಕಡೆ ತಿರುಗಿಸಿದೆವು ಎಂಬುದರ ಹೊಣೆ ಹಿಡಿದವರದೇ. ಮುಂದೆ ನಿಜವಾದ ಬೇಡಿಕೆ ಹಿಂದಿನ ಕೊಲೆಯನ್ನು ತೊಳೆಯಲಾರದು.

ಅದೇ 2011ರಲ್ಲಿ ಮಚಾರ್ ಬೋರ್ ಜನರ ಕ್ಷಮೆ ಕೇಳಿದರು. 2013ರ ಡಿಸೆಂಬರಿನಲ್ಲಿ ಹೊಸ ದೇಶದ ಸೇನೆಯೂ ಒಡೆಯಿತು. ಬೋರ್ ಮತ್ತೆ ಹೊತ್ತಿ ಉರಿಯಿತು.