ಶಿಲಾಯುಧವೆಂಬ ಮಾತು

ಆದಿಮಾನವನು ರೂಪಿಸಿದ ಕಲ್ಲಿನ ವಸ್ತುಗಳನ್ನೆಲ್ಲ ನಾವು ‘ಶಿಲಾಯುಧ’ಗಳೆಂದೇ ಕರೆಯುತ್ತೇವೆ. ಆಯುಧವೆಂದೊಡನೆ ನೆನಪಾಗುವುದು ಬೇಟೆ, ಕಾಳಗ, ಕೊಲೆ. ಹಾಗಾದರೆ ಮನುಷ್ಯನು ಮನುಷ್ಯನಾದದ್ದು ಹೊಡೆಯಲು ಕಲಿತದ್ದರಿಂದಲೇ? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹಿಂಸೆಯೇ ನಮ್ಮ ಮೂಲಸ್ವಭಾವವೆಂದು ನಂಬಿದವನಿಗೆ ಇಂದಿನ ಹಿಂಸೆಯನ್ನು ಸಮರ್ಥಿಸಿಕೊಳ್ಳುವುದು ಬಲು ಸುಲಭ.

ಉತ್ತರವನ್ನು ಕಲ್ಲಿನಲ್ಲೇ ಹುಡುಕೋಣ. ತೆಕ್ಕಟ್ಟೆಯ ಆಸುಪಾಸಿನವರು ಮುರಕಲ್ಲನ್ನು ಬಲ್ಲರು. ನೆಲದಿಂದ ಕಡಿಯುವಾಗ ಅದು ಮೆದು, ಗಾಳಿಬಿಸಿಲಿಗೆ ಗಟ್ಟಿಯಾಗುತ್ತದೆ. ಗೋಡೆಗೆ ಉತ್ತಮ, ಆದರೆ ತೂತುತೂತಾದ ಆ ಕಲ್ಲಿನಿಂದ ಹರಿತವಾದ ಅಲಗು ಏಳದು. ಕಲ್ಲಿನ ಗುಣವನ್ನು ಅರಿಯದೆ ಉಪಕರಣ ಹುಟ್ಟದು.

ಈ ಅರಿವು ಎಷ್ಟು ಪುರಾತನವೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿರುವ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರಾದ ಕೆ. ಪದ್ದಯ್ಯನವರು 1997ರಿಂದ ಕೆಲವು ವರ್ಷ ಉತ್ಖನನ ನಡೆಸಿದರು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ಆ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಪ್ರಾಯವನ್ನು ಅಂದಾಜಿಸಲಾಗಿದೆ. ನಮ್ಮ ಮಾನವಜಾತಿಗಾದರೋ ಸುಮಾರು 3 ಲಕ್ಷ ವರ್ಷಗಳ ಪ್ರಾಯವಷ್ಟೇ. ಆ ನಮ್ಮ ಪೂರ್ವಿಕರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಆಯ್ದು, ಗುಂಡುಕಲ್ಲುಗಳಿಂದ ಬಡಿದು ಕೈಗೊಡಲಿಗಳನ್ನು ಮಾಡುತ್ತಿದ್ದರು. ಅದೊಂದು ಕಾರ್ಯಾಗಾರವೇ ಆಗಿತ್ತು.

ಕೀನ್ಯಾ ದೇಶದಲ್ಲಿ ದೊರೆತ, 33 ಲಕ್ಷ ವರ್ಷಗಳಷ್ಟು ಹಳೆಯ ಉಪಕರಣಗಳಾದರೋ ಒಡೆದ ಕಲ್ಲುಗಳಷ್ಟೇ. ಕೈಗೊಡಲಿ ಹಾಗಲ್ಲ, ಅದರ ಎರಡೂ ಮೈಗಳನ್ನು ಕೆತ್ತಬೇಕು, ಮೊದಲ ಪೆಟ್ಟಿಗೆ ಮುನ್ನವೇ ಆಕಾರವು ಮನಸ್ಸಿನಲ್ಲಿರಬೇಕು. ಇಂದು ಪ್ರಯೋಗಕ್ಕಾಗಿ ಅದನ್ನು ಕೆತ್ತಲು ಕಲಿಯುವವರಿಗೂ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಅಂದೂ ಬಲ್ಲವನೊಬ್ಬನು ಅರಿಯದವನನ್ನು ಪಕ್ಕದಲ್ಲಿ ಕೂರಿಸಿಕೊಂಡಿರಬೇಕು, ಅವನು ಕೆಡಿಸಿದ ಕಲ್ಲುಗಳನ್ನು ಸಹಿಸಿರಬೇಕು. (ನಮ್ಮ ಶಾಲೆಗಳಲ್ಲಿ ಈ ಸಹನೆ ಇನ್ನೂ ಉಳಿದಿದ್ದರೆ ಒಳ್ಳೆಯದು.) ಹಾಗೆ ಸಿದ್ಧವಾದ ಅಲಗು ಮಾಂಸವನ್ನು ಕೊಯ್ಯಲು, ಮರವನ್ನು ಕೆತ್ತಲು ಒದಗುತ್ತಿತ್ತು. ‘ಆಯುಧ’ಕ್ಕಿಂತ ‘ಹತ್ಯಾರು’ ಎಂಬ ನಮ್ಮ ಬಡಗಿಗಳ ಮಾತೇ ಅದಕ್ಕೆ ಹೆಚ್ಚು ಒಪ್ಪುತ್ತದೆ.

ಆ ಅಲಗು ದುರ್ಬಲರ ಪಾಲಿಗೂ ಒದಗಿತೇ? ಜಾರ್ಜಿಯಾ ದೇಶದ ಡಮನೀಸಿಯಲ್ಲಿ ಸುಮಾರು 17 ಲಕ್ಷ ವರ್ಷಗಳ ಹಿಂದಿನ ವೃದ್ಧನೊಬ್ಬನ ತಲೆಬುರುಡೆ ದೊರೆತಿದೆ. 2005ರಲ್ಲಿ ಪ್ರಕಟವಾದ ವರದಿಯಂತೆ, ಒಂದನ್ನುಳಿದು ಅವನ ಹಲ್ಲುಗಳೆಲ್ಲ ಬದುಕಿರುವಾಗಲೇ ಉದುರಿ, ದವಡೆಯ ಗುಳಿಗಳು ಮುಚ್ಚಿಕೊಂಡಿದ್ದವು. ಅಗಿಯಲಾರದೆಯೂ ಅವನು ವರ್ಷಗಟ್ಟಲೆ ಬದುಕಿದ್ದ. ಬಳಗದವರು ಅವನನ್ನು ಸಲಹಿರಬೇಕೆಂದು ಕೆಲವು ವಿದ್ವಾಂಸರ ಊಹೆ. ಮೆತ್ತನೆಯ ಆಹಾರವನ್ನು ತಾನೇ ಹುಡುಕಿಕೊಂಡಿರಬಹುದೆಂದು ಇತರರ ವಾದ. ಚರ್ಚೆ ಮುಗಿದಿಲ್ಲ. ಆದರೆ ಅದೇ ನೆಲದಲ್ಲಿ, ಮಾಂಸವನ್ನು ಸಣ್ಣಗೆ ಕೊಯ್ಯಬಲ್ಲ ಕಲ್ಲಿನ ಚಕ್ಕೆಗಳೂ ದೊರೆತಿವೆ.